ಬ್ಯಾಂಕಿನ ಹೆಸರಲ್ಲಿ ಸುಳ್ಳು ಇ-ಮೇಲ್: ಗುರುತಿಸುವುದು ಹೇಗೆ?



2025ರ ಮೇ 1ರಂದು ನಮ್ಮ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕ್ ಸೇರಿ ರಾಜ್ಯದ ನಾಲ್ಕು ಗ್ರಾಮೀಣ ಬ್ಯಾಂಕುಗಳು ಒಂದಾಗಿ ‘ಆಂಧ್ರಪ್ರದೇಶ ಗ್ರಾಮೀಣ ಬ್ಯಾಂಕ್’ ಆದವು. ಇಂಥ ಬದಲಾವಣೆ ಮೋಸಗಾರರಿಗೆ ಒಳ್ಳೆ ನೆಪ. “ಬ್ಯಾಂಕಿನ ಹೆಸರು ಬದಲಾಗಿದೆ, ಇವತ್ತೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್” ಅಂತ ಇ-ಮೇಲ್ ಬಂದರೆ ಯಾರಿಗಾದರೂ ಗಾಬರಿ ಆಗುತ್ತೆ. ಹತ್ತಿ ಮಾರಿದ ದುಡ್ಡು ಅದೇ ಖಾತೆಯಲ್ಲಿ ಇರುತ್ತದಲ್ಲ! ಹೀಗೆ ಬ್ಯಾಂಕಿನ ವೇಷ ಹಾಕಿ ಗುಟ್ಟಿನ ವಿವರ ಕದಿಯುವುದಕ್ಕೆ ‘ಫಿಶಿಂಗ್’ ಅನ್ನುತ್ತಾರೆ.

ಮನೆಯಲ್ಲಿ ಇಂಗ್ಲಿಷ್ ಮೆಸೇಜ್ ಓದಿ ಹೇಳುವವರು ಹೆಚ್ಚಾಗಿ ನೀವೇ. ಆದ್ದರಿಂದ ಈ ಮೂರು ಪರೀಕ್ಷೆ ಕಲಿಯಿರಿ.

1. ಕಳಿಸಿದವರ ವಿಳಾಸ: ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ತೆಗೆದು, @ ಗುರುತಿನ ನಂತರ ಏನಿದೆ ನೋಡಿ. ಅಲ್ಲಿ ‘ಜಿಮೇಲ್.ಕಾಮ್’ ಇದ್ದರೆ ಅದು ಬ್ಯಾಂಕಿನದಲ್ಲ.

2. ಲಿಂಕ್: ಅದನ್ನು ತೆರೆಯದೆ ಅಕ್ಷರಗಳನ್ನಷ್ಟೇ ಓದಿ. ಆರಂಭದ ಎರಡು ಓರೆಗೆರೆ ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲಗಡೆಯಿಂದ ಓದಬೇಕು. ನಿಜವಾದ ಒಡೆಯನ ಗುರುತು ಕೊನೆಯಲ್ಲಿರುತ್ತದೆ. ‘ಎಸ್‌ಬಿಐ.ಬ್ಯಾಂಕ್.ಇನ್’ ಸ್ಟೇಟ್ ಬ್ಯಾಂಕಿನದು. ‘ಎಸ್‌ಬಿಐ.ಬ್ಯಾಂಕ್.ಇನ್.ಹೊಸಪುಟ.ಕಾಮ್’ ಅಂತಿದ್ದರೆ ಅದು ‘ಹೊಸಪುಟ’ದವರದು! ‘.ಬ್ಯಾಂಕ್.ಇನ್’ ಅನ್ನುವ ಕೊನೆಯ ಭಾಗ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಇದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು.

3. ಕೇಳುವ ವಿಷಯ: ಒಟಿಪಿ, ಪಿನ್, ಪಾಸ್‌ವರ್ಡ್ ಕಳಿಸಿ ಅಂತ ಬ್ಯಾಂಕ್ ಕೇಳುವುದಿಲ್ಲ. ಕೇಳಿದರೆ ಅದು ಮೋಸವೇ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೂ ಇಲ್ಲ.

ಕಳಿಸಿದವರ ವಿಳಾಸವನ್ನೂ ನಕಲು ಮಾಡಲು ಬರುತ್ತದೆ. ಹಾಗಾಗಿ ಮೂರೂ ಸರಿ ಕಂಡರೂ ಲಿಂಕ್ ಒತ್ತಬೇಡಿ. ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಕೇಳಿ.

ದುಡ್ಡು ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬಾರದು. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕದ್ದ ದುಡ್ಡನ್ನು ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಸಾಗಿಸುತ್ತಾರೆ. ಅಷ್ಟರೊಳಗೆ ದೂರು ಹೋದರೆ ಅದನ್ನು ತಡೆಹಿಡಿಯಲು ಸಾಧ್ಯ.

ಮಾಡಿ ನೋಡಿ: ಮನೆಯವರ ಫೋನಿಗೆ ಬ್ಯಾಂಕಿನ ಹೆಸರಲ್ಲಿ ಬಂದ ಐದು ಸಂದೇಶಗಳನ್ನು ಅವರ ಜೊತೆ ಕೂತು ಓದಿ. ಲಿಂಕ್ ಒತ್ತಬೇಡಿ. ಯಾವುದು ನಿಜ, ಯಾವುದು ಅನುಮಾನ, ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ತರಗತಿಯಲ್ಲಿ ಚರ್ಚಿಸಿ. ಖಾತೆ ಸಂಖ್ಯೆ ಮಾತ್ರ ಬರೆಯಬೇಡಿ.