ಸಾಕ್ಷರತಾ ಬೋಧಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಒಪ್ಪಿಕೊಂಡ ಸ್ವಯಂಸೇವಕರಿಗೆ ಈ ಸೂಚನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. 51.83. ಶಾಲೆಯ ವಯಸ್ಸಿನಲ್ಲಿ ಹತ್ತಿ ಬಿಡಿಸಲು ಹೋದವರು, ತಮ್ಮ ತಂಗಿಯರನ್ನು ಸೊಂಟಕ್ಕೇರಿಸಿಕೊಂಡು ಮನೆ ಕಾದವರು ಈಗ ನಿಮ್ಮ ಮುಂದೆ ಕೂರುತ್ತಾರೆ. ಅವರ ಬಡತನ ಇನ್ನೂ ತೀರಿಲ್ಲ. ಆದ್ದರಿಂದ ತರಗತಿಯೇ ಅವರ ದಿನಕ್ಕೆ ಹೊಂದಿಕೊಳ್ಳಬೇಕು.

ಜಾಗ, ಹೊತ್ತು

ಎಲ್ಲ ಕೇರಿಯವರೂ ಅಂಜದೆ ಕಾಲಿಡುವ ಜಾಗ ಹುಡುಕಿ. ಅಂಗನವಾಡಿ ಆದೀತು, ಶಾಲೆಯ ಕೋಣೆ ಆದೀತು. ಗುಡಿಯ ಪೌಳಿಯಲ್ಲಿ, ಗೌಡರ ಪಡಸಾಲೆಯಲ್ಲಿ ತರಗತಿ ನಡೆಸಬಾರದು. ಅಲ್ಲಿ ಯಾರು ಹೊಸ್ತಿಲಾಚೆ ನಿಲ್ಲಬೇಕಾಗುತ್ತದೆ ಎಂಬುದು ನಿಮಗೂ ಗೊತ್ತು. ಹೊತ್ತನ್ನು ಕಲಿಯುವವರೇ ಗೊತ್ತುಮಾಡಲಿ. ಕೂಲಿ ಮುಗಿಸಿ, ನೀರು ತಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ ಬರಬೇಕಾದ ಹೆಣ್ಣುಮಗಳಿಗೆ ಸಂಜೆ ಆರು ಗಂಟೆಗೆ ಬಾ ಎನ್ನಬಾರದು. ಮಗುವನ್ನು ಕರೆತಂದರೆ ಅದಕ್ಕೂ ಒಂದು ಬಳಪ ಕೊಡಿ.

ಮಾತು, ಪಾಠ

ನಿಮ್ಮ ಮನೆಯ ಹಿರಿಯರನ್ನು ಹೇಗೆ ಕರೆಯುತ್ತೀರೋ ಹಾಗೆಯೇ ಕರೆಯಿರಿ: ಅಕ್ಕ, ಅವ್ವ, ಕಾಕಾ. ‘ಹೆಬ್ಬೆಟ್ಟು’ ಎಂದು ತಮಾಷೆಗೂ ಅನ್ನಬಾರದು. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಓದಿಸಬಾರದು. ಪುಸ್ತಕವನ್ನು ತೋಳುದ್ದ ಹಿಡಿದು ನೋಡುವವರಿಗೆ ಬೇಕಾದ್ದು ಚಾಳೀಸು. ಬುದ್ಧಿ ಮಂದ ಎಂದು ತೀರ್ಮಾನಿಸುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ.

ದೊಡ್ಡವರ ಕಲಿಕೆಗೆಂದೇ ಇರುವ ‘ಬಾಳಿಗೆ ಬೆಳಕು’ ಪುಸ್ತಕ ಕೈಯಲ್ಲಿರಲಿ. ಜೊತೆಗೆ ಅವರ ಮನೆಯ ಕಾಗದಗಳೂ ಪಾಠವಾಗಲಿ: ರೇಷನ್ ಕಾರ್ಡು, ಜಾಬ್ ಕಾರ್ಡು, ಸಂಘದ ಸಾಲದ ಪುಸ್ತಕ, ಬಸ್ಸಿನ ಬೋರ್ಡು. ಬಾಯಿಲೆಕ್ಕದಲ್ಲಿ ಇವರು ನಿಮಗಿಂತ ಚುರುಕಾಗಿರಬಹುದು. ವಾರದ ಕಂತು, ಬಾಕಿ ಕೂಲಿ ಎಲ್ಲವೂ ತಲೆಯಲ್ಲಿರುತ್ತವೆ. ಅವರು ಬಾಯಲ್ಲಿ ಹೇಳಿದ ಲೆಕ್ಕವನ್ನೇ ಸ್ಲೇಟಿನ ಮೇಲೆ ಬರೆಸಿ. ಒಂದರಿಂದ ನೂರರವರೆಗೆ ಮಕ್ಕಳಂತೆ ಕೂಗಿಸಬಾರದು.

ಗೈರು

ಸತತವಾಗಿ ಬಾರದವರ ಹೆಸರು ಹೊಡೆದುಹಾಕಬಾರದು. ಸುಗ್ಗಿ ಮುಗಿಯುತ್ತಲೇ ಊರಿಗೆ ಊರೇ ಗುಳೆ ಹೋಗುತ್ತದೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಕಬ್ಬಿನ ಕಟಾವಿಗೋ. ಹೋಗುವಾಗ ಪುಸ್ತಕ ಕೊಟ್ಟು ಕಳಿಸಿ, ಎಲ್ಲಿಗೆ ನಿಂತಿತ್ತು ಎಂದು ಬರೆದಿಟ್ಟುಕೊಳ್ಳಿ. ಮರಳಿ ಬಂದಾಗ ಅಲ್ಲಿಂದಲೇ ಹಿಡಿಯಿರಿ. ಯಾಕೆ ಬರಲಿಲ್ಲ ಎಂದು ಎಲ್ಲರ ಮುಂದೆ ಕೇಳಬಾರದು. ಮನೆಯಲ್ಲಿ ಹಿಟ್ಟು ಇರಲಿಲ್ಲ ಎಂಬುದನ್ನು ಯಾರೂ ನಾಲ್ಕು ಜನರ ನಡುವೆ ಹೇಳುವುದಿಲ್ಲ.

ಸಹಿ

ಇಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ಸಹಿ ಕಲಿಸಿ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳಬಾರದು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪತ್ರದ ಕೆಳಗೆ ‘ಓದಿ ಹೇಳಲಾಗಿದೆ’ ಎಂಬ ಷರಾ ಇರುತ್ತದೆ, ಗುರುತಿಗೆ ಸಾಕ್ಷಿ ಇರುತ್ತಾರೆ. ಸಹಿ ಹಾಕಿದವರಿಗೆ ಆ ಕಾವಲೂ ಇಲ್ಲ. ಓದಿಯೇ ಸಹಿ ಹಾಕಿದ್ದಾರೆ ಎಂದು ಎಲ್ಲರೂ ಹಿಡಿಯುತ್ತಾರೆ. ಓದಲು ಬಾರದ ಸಹಿ ಬಡವರ ಹೊಲ, ಮನೆಗಳನ್ನೇ ಅಪಾಯಕ್ಕೆ ಒಡ್ಡುತ್ತದೆ. ಆದ್ದರಿಂದ ಹೆಸರು ಬರೆಯುವುದನ್ನು ಕಲಿಸಿದ ದಿನದಿಂದಲೇ ನಾಲ್ಕು ಪದಗಳನ್ನು ಗುರುತಿಸಲು ಕಲಿಸಿ: ಸಾಲ, ಬಡ್ಡಿ, ಜಾಮೀನು, ಮಾರಾಟ. ಖಾಲಿ ಕಾಗದಕ್ಕೆ ಸಹಿ ಹಾಕಬಾರದೆಂದು ಮತ್ತೆ ಮತ್ತೆ ಹೇಳಿ. ‘ಓದಿ ಹೇಳ್ರಿ, ಆಮ್ಯಾಲೆ ಹಾಕ್ತೀನಿ’ ಎಂಬ ಒಂದು ಮಾತನ್ನು ತರಗತಿಯಲ್ಲೇ ಗಟ್ಟಿಯಾಗಿ ಆಡಿಸಿ ರೂಢಿ ಮಾಡಿಸಿ. ಸಾಹುಕಾರನ ಮುಂದೆ ದನಿ ಏಳುವುದು ಸುಲಭವಲ್ಲ.

ಬ್ಯಾಂಕಿನ ಖಾತೆ ಹೆಬ್ಬೆಟ್ಟಿನ ಮೇಲೆ ತೆರೆದಿದ್ದರೆ, ದಾಖಲೆ ಬದಲಿಸದೆ ಹಣ ತೆಗೆಯುವ ಚೀಟಿಗೆ ಸಹಿ ಹಾಕಿಸಿ ಕಳಿಸಬಾರದು. ಕೌಂಟರಿನಲ್ಲಿ ‘ಸಹಿ ತಾಳೆಯಾಗಲ್ಲ’ ಎಂದು ಚೀಟಿ ವಾಪಸು ತಳ್ಳಿದರೆ, ಇಷ್ಟು ದಿನ ಕಲಿತದ್ದೆಲ್ಲ ಸುಳ್ಳು ಎನ್ನಿಸಿಬಿಡುತ್ತದೆ. ಮೊದಲು ಜೊತೆಗೆ ಹೋಗಿ ಸಹಿಯ ನಮೂನೆ ಕೊಡಿಸಿ.

ದುಡ್ಡು

ಅವರಿಂದ ಒಂದು ರೂಪಾಯಿಯನ್ನೂ ಕೇಳಬಾರದು, ಪೆನ್ಸಿಲಿಗೂ. ಸಾಲ, ಚೀಟಿ, ವಿಮೆಯ ವ್ಯವಹಾರವನ್ನು ತರಗತಿಗೆ ತರಬಾರದು. ಎಟಿಎಂ ಪಿನ್, ಒಟಿಪಿ ಕೇಳಲೂಬಾರದು, ಅವರಾಗಿ ಹೇಳಿದರೆ ಬರೆದಿಟ್ಟುಕೊಳ್ಳಲೂಬಾರದು. ಚೀಲ, ಪುಸ್ತಕ ಹಂಚುವಾಗ ಫೋಟೊ ತೆಗೆದು ಊರಿಗೆಲ್ಲ ತೋರಿಸಬಾರದು. ಕಲಿಕೆ ಅವರ ಹಕ್ಕು.

ಪರೀಕ್ಷೆ

ಸರ್ಕಾರದ ಸಾಕ್ಷರತಾ ಕಾರ್ಯಕ್ರಮ ‘ಉಲ್ಲಾಸ್’ 15 ವರ್ಷ ಮೇಲ್ಪಟ್ಟವರಿಗಾಗಿ ಇದೆ. ಅದರ ಪರೀಕ್ಷೆ ಓದು, ಬರಹ, ಲೆಕ್ಕ ಸೇರಿ 150 ಅಂಕಗಳದ್ದು. ಕೂಲಿ ಕಳೆದುಕೊಳ್ಳದಂತೆ ಯಾವ ಹೊತ್ತಿಗೆ ಬಂದು ಬರೆಯಬಹುದೆಂದು ಮೊದಲೇ ವಿಚಾರಿಸಿ ತಿಳಿಸಿ. ಅವರ ಬದಲು ನೀವಾಗಲಿ, ಅವರ ಮಗಳಾಗಲಿ ಬರೆಯಬಾರದು. ಗುರಿ ಮುಟ್ಟಿಸುವ ಒತ್ತಡ ಎಷ್ಟೇ ಇರಲಿ, ಸುಳ್ಳು ಪ್ರಮಾಣಪತ್ರ ಕೊಡಿಸಿದರೆ ಕಲಿಯಬೇಕಾದವರು ಕಾಗದದಲ್ಲಿ ಸಾಕ್ಷರರಾಗುತ್ತಾರೆ, ಕಲಿಯುವವರ ಮುಂದಿನ ಪಟ್ಟಿಯಿಂದ ಬಿಟ್ಟೇಹೋಗುತ್ತಾರೆ. ಪಾಸಾಗದವರ ಮನೆಗೆ ನೀವೇ ಹೋಗಿ, ಮತ್ತೆ ಬರೆಯಬಹುದೆಂದು ಹೇಳಿ, ಆ ವಾರವೇ ಪಾಠ ಮುಂದುವರಿಸಿ.