ಫೈರ್‌ವಾಲ್: ಪೆಟ್ಟಿಗೆ ಬಿಚ್ಚುವ ಮೊದಲು ಪಟ್ಟಿ ಬರೆಯಿರಿ

ಕಂಪನಿಗೆ ಹೊಸ ಫೈರ್‌ವಾಲ್ ಬಂದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು. ಮಾರಿದವರ ಕಡೆಯ ಎಂಜಿನಿಯರ್ ಸಂಜೆ ಬಂದು ಹಳೆಯ ರೂಟರ್ ಕಿತ್ತು ಹೊಸ ಪೆಟ್ಟಿಗೆ ಕೂರಿಸುತ್ತಾರೆ. ಇಂಟರ್ನೆಟ್ ಬರುತ್ತದೆ, ಟ್ಯಾಲಿ ಬರುವುದಿಲ್ಲ. ಅಕೌಂಟ್ಸ್‌ನಿಂದ ಫೋನ್ ಮೇಲೆ ಫೋನ್. ‘ಸದ್ಯಕ್ಕೆ ಇರಲಿ’ ಎಂದು ಎಂಜಿನಿಯರ್ ಎಲ್ಲರಿಂದ ಎಲ್ಲ ಕಡೆಗೂ ಎಲ್ಲ ಸೇವೆಗೂ ದಾರಿ ಬಿಡುವ ಒಂದು ರೂಲ್ ಹಾಕಿ ಹೊರಡುತ್ತಾರೆ. ಈ ಕಸುಬಿನವರ ಬಾಯಲ್ಲಿ ಅದು ‘ಎನಿ-ಎನಿ’. ವರ್ಷಗಳು ಉರುಳಿದರೂ ಅದು ಅಲ್ಲೇ ಇರುತ್ತದೆ. ಕಂಪನಿ ಲೈಸೆನ್ಸ್ ನವೀಕರಣಕ್ಕೆ ವರ್ಷವರ್ಷವೂ ಹಣ ಕಟ್ಟುತ್ತಿರುತ್ತದೆ, ಪೆಟ್ಟಿಗೆ ಮಾತ್ರ ದುಬಾರಿ ರೂಟರ್ ಆಗಿ ಕೂತಿರುತ್ತದೆ.

ಆದ್ದರಿಂದ ಫೈರ್‌ವಾಲ್ ಕಲಿಯುವುದು ಎಂದರೆ ಮೆನು ಎಲ್ಲಿದೆ ಎಂದು ಬಾಯಿಪಾಠ ಮಾಡುವುದಲ್ಲ. ಮೆನು ಪ್ರತಿ ಆವೃತ್ತಿಗೂ ಬದಲಾಗುತ್ತದೆ. ಯಾರು ಯಾರ ಜೊತೆ, ಯಾವ ಕಾರಣಕ್ಕೆ ಮಾತಾಡಬೇಕು ಎಂದು ಕೇಳಿ ತಿಳಿದು ಅದನ್ನು ರೂಲ್ ಆಗಿ ಬರೆಯಲು ಬಂದರೆ ಪೆಟ್ಟಿಗೆ ಯಾವ ಕಂಪನಿಯದಾದರೂ ನಡೆಯುತ್ತದೆ. ಈ ಲೇಖನದಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಫೋರ್ಟಿನೆಟ್‌ನ ಫೋರ್ಟಿಗೇಟ್ 60ಎಫ್. ಸಣ್ಣ-ಮಧ್ಯಮ ಕಚೇರಿಗಳಿಗೆಂದೇ ಮಾಡಿದ ಮಾದರಿ ಅದು. ಜಾಗ, ಪೀಣ್ಯದಂಥ ಕೈಗಾರಿಕಾ ಪ್ರದೇಶದ ನೂರಿಪ್ಪತ್ತು ಜನರ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ.

ಕೈ ಪಳಗಿಸಿಕೊಳ್ಳಲು

ಕೆಲಸ ಮಾಡುತ್ತಿರುವ ಕಚೇರಿಯ ಫೈರ್‌ವಾಲ್ ಮೇಲೆ ಕಲಿಯಲು ಹೋಗಬೇಡಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ಪಿಸಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ ಇಳಿಸಿಕೊಂಡರೆ ಖರ್ಚಿಲ್ಲದೆ ನಿಜವಾದ ಫೈರ್‌ವಾಲ್ ಸಿಕ್ಕಂತಾಯಿತು. ಫೋರ್ಟಿಗೇಟ್ ಅನ್ನೇ ಕಲಿಯಬೇಕು ಎನ್ನುವವರಿಗೆ ಅದರ ವರ್ಚುವಲ್ ಆವೃತ್ತಿ ಉಚಿತ ಪರೀಕ್ಷಾ ಲೈಸೆನ್ಸ್‌ನಲ್ಲಿ ಸಿಗುತ್ತದೆ. ಮೂರು ಇಂಟರ್‌ಫೇಸ್, ಮೂರು ಪಾಲಿಸಿ (ರೂಲಿಗೆ ಫೋರ್ಟಿಗೇಟ್ ಇಟ್ಟ ಹೆಸರು) ಅದರ ಮಿತಿ. ಮಿತಿ ಒಂದು ರೀತಿಯಲ್ಲಿ ಒಳ್ಳೆಯದೇ, ಮೂರೇ ಪಾಲಿಸಿ ಎಂದಾಗ ಪ್ರತಿಯೊಂದನ್ನೂ ಯೋಚಿಸಿ ಬರೆಯುತ್ತೀರಿ.

ಐಪಿ ವಿಳಾಸ, ಸಬ್‌ನೆಟ್, ಗೇಟ್‌ವೇ, ವಿಲ್ಯಾನ್ ಇವು ಗೊತ್ತಿಲ್ಲದೆ ಇಲ್ಲಿಗೆ ಬಂದವರು ಒಂದೆರಡು ವಾರ ಹಿಂದೆ ಹೋಗಿ ಅವನ್ನು ಓದಿ ಬರುವುದು ಲೇಸು. ಟಿಸಿಪಿ ಸಂಪರ್ಕ ಸಿನ್, ಸಿನ್-ಆ್ಯಕ್, ಆ್ಯಕ್ ಎಂಬ ಮೂರು ಹೆಜ್ಜೆಗಳಲ್ಲಿ ಏರ್ಪಡುತ್ತದೆ ಎಂಬುದನ್ನಂತೂ ಮರೆಯಬೇಡಿ. ಮುಂದೆ ಅದೇ ಕೈಹಿಡಿಯುತ್ತದೆ.

ಮೊದಲು ಕಾಗದ

ಕಾರ್ಖಾನೆಯಲ್ಲಿ ಒಂದು ಸುತ್ತು ಹಾಕಿ. ಅಕೌಂಟ್ಸ್, ಸ್ಟೋರ್ಸ್, ಎಚ್‌ಆರ್, ಗೇಟಿನ ಸೆಕ್ಯುರಿಟಿ ಕೊಠಡಿ ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿ: ‘ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರಿನಲ್ಲಿ ಏನೇನು ತೆರೆಯುತ್ತೀರಿ?’ ಉತ್ತರಗಳನ್ನು ಆರು ಕಾಲಂಗಳಲ್ಲಿ ಬರೆದುಕೊಳ್ಳಿ. ಎಲ್ಲಿಂದ, ಎಲ್ಲಿಗೆ, ಯಾವ ಸೇವೆ, ಯಾಕೆ, ಯಾರು ಕೇಳಿದ್ದು, ಎಂದಿನವರೆಗೆ. ಕೊನೆಯ ಮೂರು ಕಾಲಂ ಖಾಲಿ ಬಿಡುವುದು ನಮ್ಮಲ್ಲಿ ಚಾಳಿಯೇ ಆಗಿದೆ. ಆ ಮೂರಿಲ್ಲದ ರೂಲನ್ನು ನಾಳೆ ಅಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಪಟ್ಟಿ ಮುಗಿಯುವ ಹೊತ್ತಿಗೆ ಜಾಲವನ್ನು ಹೇಗೆ ಒಡೆಯಬೇಕು ಎಂಬುದೂ ಸ್ಪಷ್ಟವಾಗುತ್ತದೆ. ನಮ್ಮ ಕಾರ್ಖಾನೆಗೆ ನಾಲ್ಕು ವಿಲ್ಯಾನ್ ಸಾಕು. ಕಚೇರಿ ಕಂಪ್ಯೂಟರುಗಳಿಗೆ 10.10.10.0/24, ಸರ್ವರುಗಳಿಗೆ 10.10.20.0/24, ಸಿಸಿಟಿವಿ ಮತ್ತು ಹಾಜರಿ ಯಂತ್ರಗಳಿಗೆ 10.10.30.0/24, ಅತಿಥಿ ವೈಫೈಗೆ 10.10.40.0/24. ನಾಲ್ಕಕ್ಕೂ ಗೇಟ್‌ವೇ ಫೈರ್‌ವಾಲೇ ಆಗಿರಬೇಕು. ಗೇಟ್‌ವೇಯನ್ನು ಲೇಯರ್-3 ಸ್ವಿಚ್ಚಿನಲ್ಲಿ ಬಿಟ್ಟರೆ ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ಹೋಗುವ ಸಂಚಾರ ಸ್ವಿಚ್ಚಿನಲ್ಲೇ ತಿರುಗಿಬಿಡುತ್ತದೆ, ಫೈರ್‌ವಾಲ್ ಕಣ್ಣಿಗೆ ಬೀಳುವುದೇ ಇಲ್ಲ.

ಪೆಟ್ಟಿಗೆಗೆ ಕರೆಂಟ್ ಕೊಟ್ಟ ಮೇಲೆ

ಇಂಟರ್ನೆಟ್ ಕೇಬಲ್ ಇನ್ನೂ ಚುಚ್ಚಬೇಡಿ. ಲ್ಯಾಪ್‌ಟಾಪನ್ನು ಒಳಬದಿಯ ಯಾವುದಾದರೂ ಪೋರ್ಟಿಗೆ ಸೇರಿಸಿ ಬ್ರೌಸರಿನಲ್ಲಿ 192.168.1.99 ತೆರೆಯಿರಿ. ಬಳಕೆದಾರ ಅಡ್ಮಿನ್, ಪಾಸ್‌ವರ್ಡ್ ಖಾಲಿ. ಒಳಗೆ ಹೋದೊಡನೆ ಹೊಸದು ಇಡಲು ಕೇಳುತ್ತದೆ. ಕನ್ಸೋಲ್ ಕೇಬಲ್ಲೂ ಕೈಯಲ್ಲಿರಲಿ. ಪುಟ್ಟಿ ತಂತ್ರಾಂಶದಲ್ಲಿ ವೇಗ 9600 ಇಟ್ಟರೆ ಸಾಕು. ಇಂಟರ್‌ಫೇಸ್ ವಿಳಾಸ ಬದಲಿಸುವಾಗ ಬ್ರೌಸರ್ ಸಂಪರ್ಕ ಕಡಿದುಹೋದರೆ ಒಳಗೆ ಹೋಗಲು ಉಳಿಯುವುದು ಅದೊಂದೇ ದಾರಿ.

ಫರ್ಮ್‌ವೇರ್ ಹೊಸದು ಮಾಡಿ. ನಂತರ ವ್ಯಾನ್ ಇಂಟರ್‌ಫೇಸಿನಲ್ಲಿ ಎಚ್‌ಟಿಟಿಪಿಎಸ್, ಎಸ್‌ಎಸ್‌ಎಚ್ ಆಡಳಿತ ಪ್ರವೇಶದ ಟಿಕ್ ತೆಗೆಯಿರಿ. ‘ಮನೆಯಿಂದ ನೋಡಬೇಕಲ್ಲ’ ಎಂಬ ಒತ್ತಾಯಕ್ಕೆ ಇಲ್ಲಿ ಬಗ್ಗಬೇಡಿ. ಅಡ್ಮಿನ್ ಖಾತೆಗೆ ‘ಟ್ರಸ್ಟೆಡ್ ಹೋಸ್ಟ್’ ಎಂಬ ಜಾಗದಲ್ಲಿ ನಿಮ್ಮ ಒಂದೆರಡು ಕಂಪ್ಯೂಟರುಗಳ ವಿಳಾಸ ಮಾತ್ರ ಕೊಡಿ, ಎರಡು ಹಂತದ ದೃಢೀಕರಣ ಹಾಕಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಫೋರ್ಟಿಗೇಟ್ ಯಂತ್ರಗಳ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ ಸಿವಿಇ-2018-13379 ಎಂಬ ದೋಷವಿತ್ತು. ಅದಕ್ಕೆ 2019ರಲ್ಲೇ ತೇಪೆ ಬಿಡುಗಡೆಯಾಗಿತ್ತು. ಆದರೂ 2021ರ ಸೆಪ್ಟೆಂಬರಿನಲ್ಲಿ ಸುಮಾರು 87,000 ಯಂತ್ರಗಳ ವಿಪಿಎನ್ ಬಳಕೆದಾರರ ಹೆಸರು-ಪಾಸ್‌ವರ್ಡ್‌ಗಳು ಹೊರಬಿದ್ದಿರುವುದನ್ನು ಫೋರ್ಟಿನೆಟ್ ಕಂಪನಿಯೇ ಒಪ್ಪಿಕೊಂಡಿತು. ಕದ್ದ ಕಾಲಕ್ಕೆ ಆ ಯಂತ್ರಗಳಿಗೆ ತೇಪೆ ಹಾಕಿರಲಿಲ್ಲ. ಆಮೇಲೆ ಹಾಕಿದವರಲ್ಲೂ ಪಾಸ್‌ವರ್ಡ್ ಬದಲಿಸದವರಿಗೆ ಅಪಾಯ ಹಾಗೇ ಉಳಿದಿತ್ತು. ತೇಪೆಯ ಜೊತೆಗೆ ಪಾಸ್‌ವರ್ಡನ್ನೂ ಬದಲಿಸಬೇಕು ಎಂಬ ಅರ್ಧ ಕೆಲಸ ಇವತ್ತಿಗೂ ಬಹಳ ಕಡೆ ಬಾಕಿ ಇರುತ್ತದೆ.

ಒಂದು ರೂಲ್ ಬರೆಯೋಣ

ಪಾಲಿಸಿಗಳನ್ನು ಯಂತ್ರ ಮೇಲಿನಿಂದ ಕೆಳಕ್ಕೆ ಓದುತ್ತದೆ. ಹೊಂದುವ ಮೊದಲನೆಯದು ಸಿಕ್ಕೊಡನೆ ಅಲ್ಲಿಗೇ ನಿಲ್ಲುತ್ತದೆ. ಯಾವುದೂ ಹೊಂದದಿದ್ದರೆ ತಳದಲ್ಲಿರುವ ‘ಇಂಪ್ಲಿಸಿಟ್ ಡಿನೈ’ ತಡೆಯುತ್ತದೆ. ಹಾಗಾಗಿ ಸಣ್ಣ, ನಿರ್ದಿಷ್ಟ ರೂಲ್ ಮೇಲೆ, ಅಗಲವಾದದ್ದು ಕೆಳಗೆ. ಫೋರ್ಟಿಗೇಟ್‌ನಲ್ಲಿ ಓಕೆ ಒತ್ತಿದ ಕ್ಷಣವೇ ರೂಲ್ ಜಾರಿಗೆ ಬರುತ್ತದೆ. ಪಾಲೊ ಆಲ್ಟೊದಂಥ ಬೇರೆ ಕಂಪನಿಗಳ ಫೈರ್‌ವಾಲ್‌ಗಳಲ್ಲಿ ಬದಲಾವಣೆಯನ್ನೆಲ್ಲ ಸೇರಿಸಿ ಕೊನೆಗೆ ‘ಕಮಿಟ್’ ಮಾಡಬೇಕು. ಒಂದರಿಂದ ಇನ್ನೊಂದಕ್ಕೆ ಹೋದವರು ಮೊದಲು ಎಡವುವುದು ಇಲ್ಲೇ.

ಟ್ಯಾಲಿಯನ್ನೇ ತೆಗೆದುಕೊಳ್ಳಿ. ಹಲವು ಕಚೇರಿಗಳಲ್ಲಿ ಅದರ ಡೇಟಾ ಸರ್ವರಿನ ಹಂಚಿಕೆ ಫೋಲ್ಡರಿನಲ್ಲಿರುತ್ತದೆ, ಅದಕ್ಕೆ ಬೇಕಾದದ್ದು ಪೋರ್ಟ್ 445. ಲೈಸೆನ್ಸ್ ಸರ್ವರಿಗೆ ಸಾಮಾನ್ಯವಾಗಿ 9999. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರಿದ್ದು ಇದೇ 445ರ ಮೂಲಕ. ಅದನ್ನು ಇಡೀ ಕಚೇರಿ ವಿಲ್ಯಾನಿಗೆ ತೆರೆಯಬಾರದು. ಅಕೌಂಟ್ಸ್‌ನ ಆರು ಕಂಪ್ಯೂಟರುಗಳಿಗೆ ಡಿಎಚ್‌ಸಿಪಿಯಲ್ಲಿ ವಿಳಾಸ ಕಾಯ್ದಿರಿಸಿ ‘ಅಕೌಂಟ್ಸ್-ಪಿಸಿ’ ಎಂಬ ಗುಂಪು ಮಾಡಿ. ರೂಲಿನಲ್ಲಿ ಮೂಲ ಆ ಗುಂಪು, ಗುರಿ ಸರ್ವರಿನ ವಿಳಾಸ 10.10.20.5 ಒಂದೇ, ಸೇವೆ 445 ಮತ್ತು 9999, ನ್ಯಾಟ್ ಬೇಡ, ಲಾಗ್ ಎಲ್ಲ ಸೆಷನ್‌ಗೂ ಬೇಕು. ಕಮೆಂಟ್ ಜಾಗದಲ್ಲಿ ಕೇಳಿದವರ ಹುದ್ದೆ, ತಾರೀಕು. ಇಷ್ಟು ಬರೆಯಲು ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಸಿಸಿಟಿವಿ ವಿಲ್ಯಾನಿಗೆ ಇಂಟರ್ನೆಟ್ ರೂಲೇ ಬರೆಯಬೇಡಿ. 2016ರ ಮಿರಾಯ್ ದಾಳಿ ಕಟ್ಟಿಕೊಂಡದ್ದು ಕಾರ್ಖಾನೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳ ಪಡೆಯನ್ನು. ಅತಿಥಿ ವೈಫೈಗೆ ಡಿಎನ್‌ಎಸ್ ಮತ್ತು ವೆಬ್, ಅದೂ ಹೊರಕ್ಕೆ ಮಾತ್ರ. ಸರ್ವರಿನಿಂದ ಹೊರಕ್ಕೆ ಹೋಗುವ ದಾರಿಯನ್ನು ಅಪ್‌ಡೇಟ್ ತಾಣಗಳಿಗಷ್ಟೇ ಬಿಡಿ.

ಬಾರದ ಹಾಜರಿ

ಕಲಿಕೆಯ ತಿರುಳು ಇರುವುದು ಏನಾದರೂ ಕೆಟ್ಟಾಗ. ಗೇಟಿನ ಹಾಜರಿ ಯಂತ್ರದ ಪಂಚ್‌ಗಳು ಸರ್ವರಿಗೆ ಬರುತ್ತಿಲ್ಲ ಎಂದುಕೊಳ್ಳಿ. ಮೊದಲ ಪ್ರಶ್ನೆ, ಮಾತು ಶುರು ಮಾಡುವವರು ಯಾರು? ಯಂತ್ರ ಕಳುಹಿಸುತ್ತದೆ ಎಂದು ಊಹಿಸಿ ಹೊಸಬರು ಯಂತ್ರದಿಂದ ಸರ್ವರಿಗೆ ರೂಲ್ ಬರೆಯುತ್ತಾರೆ. ಆದರೆ ಬಹಳಷ್ಟು ಹಾಜರಿ ತಂತ್ರಾಂಶಗಳಲ್ಲಿ ಸರ್ವರೇ ಯಂತ್ರವನ್ನು ಪೋರ್ಟ್ 4370ರಲ್ಲಿ ಕರೆದು ಡೇಟಾ ಎಳೆದುಕೊಳ್ಳುತ್ತದೆ. ಹಾಗಾಗಿ ಮೂಲ 10.10.20.5, ಗುರಿ 10.10.30.21. ಮರಳಿ ಬರುವ ಉತ್ತರಕ್ಕೆ ಬೇರೆ ರೂಲ್ ಬೇಕಿಲ್ಲ. ಈ ಫೈರ್‌ವಾಲ್ ಶುರುವಾದ ಸೆಷನ್ನನ್ನು ನೆನಪಿಟ್ಟುಕೊಳ್ಳುತ್ತದೆ.

ರೂಲ್ ಸರಿಯಾಯಿತು, ಲಾಗ್ ‘ಅಕ್ಸೆಪ್ಟ್’ ಎನ್ನುತ್ತದೆ, ಹಾಜರಿ ಇನ್ನೂ ಬಂದಿಲ್ಲ. ಲಾಗಿನ ಅದೇ ಸಾಲಿನಲ್ಲಿ ಹೋದ ಬೈಟ್ ಇದೆ, ಬಂದ ಬೈಟ್ ಸೊನ್ನೆ. ಈಗ ಕಮಾಂಡ್ ಲೈನಿಗೆ ಹೋಗಿ ‘ಡಯಾಗ್ನೋಸ್ ಸ್ನಿಫರ್ ಪ್ಯಾಕೆಟ್ ಎನಿ’ ಎಂಬ ಆಜ್ಞೆಗೆ ‘ಪೋರ್ಟ್ 4370’ ಎಂಬ ಫಿಲ್ಟರ್ ಮತ್ತು 4 ಎಂಬ ಮಟ್ಟ ಕೊಡಿ. ಇಂಟರ್‌ಫೇಸ್ ಹೆಸರಿನ ಸಮೇತ ಪ್ಯಾಕೆಟ್‌ಗಳು ಕಾಣುತ್ತವೆ. ಸರ್ವರಿನ ಸಿನ್ ವಿಲ್ಯಾನ್ 20ರಲ್ಲಿ ಒಳಬಂತು, ವಿಲ್ಯಾನ್ 30ರಿಂದ ಹೊರಹೋಯಿತು. ಮತ್ತೆ ಅದೇ ಸಿನ್, ಮತ್ತೆ ಅದೇ. ಸಿನ್-ಆ್ಯಕ್ ಇಲ್ಲ.

ಫೈರ್‌ವಾಲಿನಿಂದಲೇ ಯಂತ್ರಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ‘ಯಂತ್ರ ಸರಿಯಿದೆ, ಫೈರ್‌ವಾಲೇ ತಡೆಯುತ್ತಿದೆ’ ಎಂದು ಇಲ್ಲಿ ಎಲ್ಲರೂ ತೀರ್ಮಾನಿಸುತ್ತಾರೆ. ಆದರೆ ಆ ಪಿಂಗ್ ಹೊರಟದ್ದು ಫೈರ್‌ವಾಲಿನ ವಿಲ್ಯಾನ್ 30ರ ವಿಳಾಸದಿಂದ. ಅದು ಯಂತ್ರದ್ದೇ ಸಬ್‌ನೆಟ್, ಉತ್ತರಿಸಲು ಯಂತ್ರಕ್ಕೆ ಗೇಟ್‌ವೇ ಬೇಕಾಗಲಿಲ್ಲ. ಸರ್ವರ್ ಬೇರೆ ಸಬ್‌ನೆಟ್ಟಿನಲ್ಲಿದೆ, ಅದಕ್ಕೆ ಉತ್ತರಿಸಲು ಬೇಕು. ಗೇಟಿಗೆ ನಡೆದುಹೋಗಿ ಯಂತ್ರದ ಮೆನು ತೆರೆದರೆ ಐಪಿ ಹೊಸದು, ಗೇಟ್‌ವೇ ಜಾಗದಲ್ಲಿ ಮಾತ್ರ ಹಳೆಯ ರೂಟರಿನ ವಿಳಾಸ. ಅದನ್ನು 10.10.30.1 ಮಾಡಿ. ನ್ಯಾಟ್ ಇಲ್ಲದ ಎನಿ-ಎನಿ ಹಾಕಿದ್ದರೂ ಈ ತೊಂದರೆ ಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಈಗಾಗಲೇ ಎನಿ-ಎನಿ ಇರುವ ಕಚೇರಿಗೆ ನೀವು ಸೇರಿದ್ದರೆ ಒಮ್ಮೆಲೇ ತೆಗೆಯಬೇಡಿ. ಅದಕ್ಕೆ ಲಾಗ್ ಹಾಕಿ, ನಿರ್ದಿಷ್ಟ ರೂಲ್‌ಗಳನ್ನು ಅದರ ಮೇಲೆ ಬರೆಯುತ್ತಾ ಬನ್ನಿ. ಇನ್ನೂ ಏನು ಅದರೊಳಗೆ ಬೀಳುತ್ತಿದೆ ಎಂದು ದಿನವೂ ನೋಡಿ. ತಿಂಗಳ ಕೊನೆಯ ಸಂಬಳದ ಕೆಲಸ, ಜಿಎಸ್‌ಟಿ ರಿಟರ್ನ್ಸ್ ಎರಡೂ ಒಂದು ಸುತ್ತು ಮುಗಿದ ಮೇಲೆ ನಿಷ್ಕ್ರಿಯಗೊಳಿಸಿ.

ಹೊರಗಿನಿಂದ ಒಳಗೆ

ಮಾಲೀಕರಿಗೆ ಮನೆಯಿಂದ ಟ್ಯಾಲಿ ನೋಡಬೇಕು, ಅದಕ್ಕೆ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಸರ್ವರಿಗೆ ಫಾರ್ವರ್ಡ್ ಮಾಡಿಕೊಡಿ ಎಂಬ ಬೇಡಿಕೆ ಬಂದೇ ಬರುತ್ತದೆ. ಮಾಡಬೇಡಿ. ವಿಪಿಎನ್ ಕೊಡಿ, ಎರಡು ಹಂತದ ದೃಢೀಕರಣದೊಂದಿಗೆ. ಯೂಟ್ಯೂಬಿನ ಹಳೆಯ ಪಾಠಗಳು ಎಸ್‌ಎಸ್‌ಎಲ್ ವಿಪಿಎನ್ ತೋರಿಸುತ್ತವೆ. ಫೋರ್ಟಿಗೇಟ್ ನಡೆಸುವ ತಂತ್ರಾಂಶವಾದ ಫೋರ್ಟಿಓಎಸ್ 7.6.3ರಿಂದ ಅದರ ಟನೆಲ್ ವಿಧಾನವನ್ನೇ ಕಂಪನಿ ಕೈಬಿಟ್ಟಿದೆ. ಈಗ ಕಲಿಯುವವರು ಐಪಿಸೆಕ್ ಕಲಿಯಿರಿ.

ಐಪಿಎಸ್, ಆ್ಯಂಟಿವೈರಸ್, ವೆಬ್ ಫಿಲ್ಟರ್‌ಗಳನ್ನು ರೂಲ್‌ಗಳು ಸ್ಥಿರವಾದ ಮೇಲೆ ಒಂದೊಂದಾಗಿ ಸೇರಿಸಿ. ಕೊಳ್ಳುವ ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. 60ಎಫ್‌ನ ಕರಪತ್ರದಲ್ಲಿ ದೊಡ್ಡದಾಗಿ ಕಾಣುವುದು 10 ಜಿಬಿಪಿಎಸ್. ಬೆದರಿಕೆ ತಪಾಸಣೆಯೆಲ್ಲ ಚಾಲೂ ಮಾಡಿದಾಗಿನ ಅಂಕಿ 700 ಎಂಬಿಪಿಎಸ್. ಒಂದು ಜಿಬಿಪಿಎಸ್ ಲೈನ್ ತೆಗೆದುಕೊಂಡ ಕಂಪನಿ ನೋಡಬೇಕಾದದ್ದು ಎರಡನೆಯದನ್ನು.

ಲಾಗ್, ಗಡಿಯಾರ, ಬ್ಯಾಕಪ್

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 60ಎಫ್‌ನಲ್ಲಿ ಡಿಸ್ಕ್ ಇಲ್ಲ (61ಎಫ್‌ನಲ್ಲಿದೆ), ಲಾಗ್ ಮೆಮೊರಿಯಲ್ಲಿ ಕೂರುತ್ತದೆ, ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು. ಒಂದು ಲಿನಕ್ಸ್ ಯಂತ್ರಕ್ಕೆ ಸಿಸ್‌ಲಾಗ್ ಕಳುಹಿಸಿ. ಇಂಪ್ಲಿಸಿಟ್ ಡಿನೈ ತಡೆದದ್ದೂ ಲಾಗ್ ಆಗುವಂತೆ ಮಾಡಿ. ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರಿಗೆ ಜೋಡಿಸಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ. ಫೈರ್‌ವಾಲ್ ಒಂದು ಸಮಯ, ಸರ್ವರ್ ಇನ್ನೊಂದು ಸಮಯ ತೋರಿಸಿದರೆ ಘಟನೆಯ ಜಾಡು ಹಿಡಿಯಲು ಆಗುವುದಿಲ್ಲ.

ಪ್ರತಿ ಬದಲಾವಣೆಯ ಮುಂಚೆ ಮತ್ತು ನಂತರ ಕಾನ್ಫಿಗರೇಷನ್ ಫೈಲ್ ಇಳಿಸಿಕೊಳ್ಳಿ, ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿ. ಆ ಫೈಲಿನಲ್ಲಿ ನಿಮ್ಮ ಇಡೀ ಜಾಲದ ನಕಾಶೆ ಇರುತ್ತದೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಬೇಡಿ. ಮೂರು ತಿಂಗಳಿಗೊಮ್ಮೆ ರೂಲ್‌ಗಳ ಹಿಟ್ ಕೌಂಟ್ ನೋಡಿ. ಸೊನ್ನೆ ಇರುವುದನ್ನು ಕಮೆಂಟಿನಲ್ಲಿರುವವರನ್ನು ಕೇಳಿ ನಿಷ್ಕ್ರಿಯಗೊಳಿಸಿ, ಇನ್ನೊಂದು ತಿಂಗಳು ಯಾರೂ ಫೋನ್ ಮಾಡದಿದ್ದರೆ ಅಳಿಸಿ.