ಕಷ್ಟಕಾಲಕ್ಕೆ ಮುಯ್ಯಾಳು

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಇಬ್ಬರ ದುಡಿಮೆ ನಿಲ್ಲುತ್ತದೆ: ರೋಗಿಯದು ಮತ್ತು ಜೊತೆಗಿರುವವರದು. ಔಷಧಿಯ ಖರ್ಚಿನ ಮೇಲೆ ಈ ನಷ್ಟವೂ ಸೇರಿ ಕುಟುಂಬ ಸಾಲಕ್ಕೆ ಬೀಳುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಿರಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಅದೇ ಮುಯ್ಯಾಳು. ಇಂದು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ತೋಟಕ್ಕೆ. ಕೂಲಿಯ ಮಾತಿಲ್ಲ, ಆಳಿಗೆ ಆಳೇ ಲೆಕ್ಕ. ಪಡೆದವರು ತಲೆ ತಗ್ಗಿಸಬೇಕಿಲ್ಲ. ಚೇತರಿಸಿಕೊಂಡ ಮೇಲೆ ಮುಯ್ಯಿ ತೀರಿಸುತ್ತಾರೆ.

ಅಡಿಕೆ ಕೊಯ್ಲಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಕೆಂಪಡಿಕೆಗೆ ಕಾಯಿ ಹಸಿರಿರುವಾಗಲೇ ಕೊಯ್ದು, ಬೇಗ ಸುಲಿದು, ಬೇಯಿಸಿ ಒಣಗಿಸಬೇಕು. ತಡವಾದರೆ ಹಣ್ಣಾಗಿ ಗೋಟಾಗುತ್ತದೆ, ದರ ಇಳಿಯುತ್ತದೆ. ಆಸ್ಪತ್ರೆಯಲ್ಲಿರುವವರ ಅಂಗಳದಲ್ಲಿ ನಾಲ್ಕು ಮನೆಯವರು ಸುಲಿಯಲು ಕುಳಿತರೆ ವರ್ಷದ ಫಸಲು ಕೈತಪ್ಪದು.

ನೆರೆಯವರು ಗಮನಿಸಿ:

1. “ಏನಾದರೂ ಬೇಕಾದರೆ ಹೇಳಿ” ಎನ್ನುವ ಬದಲು “ನಾಳೆಯಿಂದ ನಿಮ್ಮ ದನ ನೋಡಿಕೊಳ್ಳುವುದು ನಮ್ಮದು” ಎನ್ನಿ.

2. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಆಸ್ಪತ್ರೆಗೆ ತಲುಪಿಸಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವುಂಟು. ಯಾವ ಚಿಕಿತ್ಸೆಗೆ, ಯಾವ ಆಸ್ಪತ್ರೆಯಲ್ಲಿ ಎಂಬುದನ್ನು ಮೊದಲೇ ವಿಚಾರಿಸಿ.

3. ಹಣ ಕೊಡುವಾಗ ಸಾಲವೋ ನೆರವೋ ಎಂದು ಸ್ಪಷ್ಟವಾಗಿ ತಿಳಿಸಿ. ಕೊಟ್ಟದ್ದನ್ನು ಊರಿಗೆ ಸಾರಬೇಡಿ.

ರೋಗಿಗಳ ಕಡೆಯವರಿಗೂ ಒಂದು ಮಾತು. ಸಂಕೋಚಪಟ್ಟು ಬಡ್ಡಿ ಸಾಲಕ್ಕೆ ಕೈಯೊಡ್ಡುವ ಮುನ್ನ ನೆರೆಮನೆಯವರಿಗೆ ಪರಿಸ್ಥಿತಿ ತಿಳಿಸಿ. ಮುಯ್ಯಿ ಕೇಳುವುದು ಭಿಕ್ಷೆಯಲ್ಲ.